ಬರೀ ಮನೆಗಳಿರುವ ಊರಿನಿಂದ

ಪ್ರಿಯ ತಿಪ್ಪೇಶಿ,

ನಮ್ಮ ಶಿರಸಿ ಕಡೆ ದೂರ ದೂರ ಚದುರಿದ ಮನೆಗಳನ್ನು ನೋಡಿ "ಇದೆಂಥಾ ಊರೋ, ಬರೀ ಮನೆಗಳಿವೆ, ಊರೇ ಇಲ್ಲ" ಅಂದಿದ್ದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ.

ನಿಮ್ಮ ಚಳ್ಳಕೆರೆ ಕಡೆ ವರ್ಷದ ಮಳೆ 500 ಮಿ.ಮೀ. ಆಸುಪಾಸು. ನೀರಿದ್ದಲ್ಲಿ ಜನ ಸೇರುತ್ತಾರೆ, ಮನೆಗೆ ಮನೆ ಅಂಟಿಕೊಂಡು ಹಟ್ಟಿ ಬೆಳೆಯುತ್ತದೆ. ಇಲ್ಲಿ ಶಿರಸಿ ಸೀಮೆಯಲ್ಲಿ ಸಹ್ಯಾದ್ರಿ ಮೋಡ ತಡೆದು ಸುರಿಸುವುದು ಅದರ ನಾಲ್ಕೈದು ಪಟ್ಟು. ನಮಗೆ ಅಪರೂಪವಾದದ್ದು ಸಮತಟ್ಟು ನೆಲ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಇಷ್ಟೇ ಇಷ್ಟು ಅಡಿಕೆ ತೋಟ, ಅದರ ತಲೆಯಲ್ಲಿ ಮನೆ.

ಇನ್ನೊಂದು ಲೆಕ್ಕವಿದೆ, ಅದು ಬಯಲಿನವರಿಗೆ ಕಾಣುವುದಿಲ್ಲ. ಮಳೆ ತೋಟದ ಮಣ್ಣಿನ ಸಾರವನ್ನು ತೊಳೆದುಬಿಡುತ್ತದೆ. ಹಾಗಾಗಿ ವರ್ಷ ವರ್ಷ ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಹಾಕಲೇಬೇಕು. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟರು. ಮೂರೆಕರೆ ತೋಟದ ಮನೆ ಅಂದರೆ ಸುತ್ತ ಸುಮಾರು ಮೂವತ್ತೆಕರೆ. ಪಕ್ಕದ ಮನೆ ಆಚೆ ಕಣಿವೆಗೆ ಹೋಗದೆ ಇನ್ನೆಲ್ಲಿಗೆ ಹೋದೀತು, ಹೇಳು? ತೋಟವಿಲ್ಲದವರಿಗೆ ಆ ಬೆಟ್ಟದ ಹಕ್ಕೂ ಇರಲಿಲ್ಲ, ಅದನ್ನು ಮುಚ್ಚಿಡಬಾರದು. ಸೊಪ್ಪು ಹೊತ್ತವರಲ್ಲಿ ಅಂಥವರೇ ಹೆಚ್ಚು.

ದೂರ ಇರುವವರು ಒಬ್ಬರಿಗೊಬ್ಬರು ಬೇಡದವರು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದರೆ ಮುಯ್ಯಾಳು ಲೆಕ್ಕದಲ್ಲಿ, ಅಂದರೆ ಕೂಲಿಯ ಬದಲು ಆಳಿಗೆ ಆಳು ಎಂಬಂತೆ, ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಿದ್ದರು. ಅಡಿಕೆ ಸುಲಿಯುವ ಅಂಗಳದಲ್ಲಿ ನಡುರಾತ್ರಿಯವರೆಗೆ ಮಾತು. ಹೆಣ್ಣು ಗಂಡಿನ ಸಂಬಂಧಗಳೂ ಅಲ್ಲೇ ಕುದುರುತ್ತಿದ್ದವು. ನಿಮ್ಮ ಕೇರಿ ಕಟ್ಟೆ ಮಾಡುವ ಕೆಲಸವನ್ನು ಇಲ್ಲಿ ಅಡಿಕೆ ಅಂಗಳ ಮಾಡಿತು.

ಕಷ್ಟವಿಲ್ಲ ಎನ್ನುವುದಿಲ್ಲ. ಆಷಾಢದಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕತ್ತಲು. ತುಂಬಿದ ಬಸುರಿಯನ್ನು ಮಳೆಗಾಲಕ್ಕೆ ಮುಂಚೆಯೇ ಪೇಟೆಯ ನೆಂಟರ ಮನೆಗೆ ಕಳಿಸುವವರಿದ್ದಾರೆ. "ಎಲ್ಲರೂ ರಸ್ತೆ ಪಕ್ಕ ಬಂದು ಕಟ್ಟಿಕೊಳ್ಳಿ" ಅಂದೆಯಲ್ಲ, ಕೆಲವರು ಹಾಗೇ ಮಾಡಿದ್ದಾರೆ. ಆದರೆ ತೋಟದ ತಲೆಯಲ್ಲಿ ಮನುಷ್ಯರಿಲ್ಲದಿದ್ದರೆ ಮಂಗ ಕಾಯುವವರು ಯಾರು? ಮಳೆಗಾಲದಲ್ಲಿ ಕಸ ಕಟ್ಟಿಕೊಂಡ ಕಾಲುವೆಯನ್ನು ರಾತ್ರೋರಾತ್ರಿ ಬಿಡಿಸುವವರು ಯಾರು? ನಾಲ್ಕು ಮನೆಗೊಂದು ರಸ್ತೆ ದುಬಾರಿ ಎಂದು ಲೆಕ್ಕ ಹಾಕುವಾಗ ಆ ನಾಲ್ಕು ಮನೆಯವರು ಕಾಯ್ದುಕೊಂಡು ಬಂದಿರುವ ಬೆಟ್ಟ, ಅದರೊಳಗಿನ ಒರತೆ, ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಳ್ಳ ದಾಟುವ ಮರದ ಕಾಲುಸಂಕದ ಬದಲು ನಮಗೊಂದು ಗಟ್ಟಿ ಸೇತುವೆ ಕೊಡಲಿ, ಮನೆ ಎಲ್ಲಿದೆಯೋ ಅಲ್ಲೇ ಇರುತ್ತೇವೆ.

ಇಂತಿ ನಿನ್ನ,
ಗಣಪತಿ