ನಮ್ಮ ಹುಡುಗಿಯರಿಗೂ ನೀರಿನಲ್ಲಿ ಒಂದು ಗೋಲ್ ಪೋಸ್ಟ್ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯಲ್ಲಿ ನಿಮ್ಮ ಕ್ರೀಡಾ ಪುಟವನ್ನು ಮೊದಲು ಹಿಡಿಯುವವಳು ನನ್ನ ಮಗಳು. ಎಂಟನೇ ಕ್ಲಾಸು. ಕ್ರಿಕೆಟ್, ಕಬಡ್ಡಿ, ಕುಸ್ತಿ ಎಲ್ಲ ಓದುತ್ತಾಳೆ. ಆದರೆ ಅವಳಿಗೆ ಹುಚ್ಚು ಹಿಡಿದಿರುವುದು ವಾಟರ್ ಪೋಲೊ, ಅಂದರೆ ಈಜುತ್ತಲೇ ಚೆಂಡನ್ನು ಎದುರಾಳಿಯ ಗೋಲಿಗೆ ಎಸೆಯುವ ಆಟ. ಅದರಲ್ಲೂ ಗೋಲ್ ಕಾಯುವ ಆಶ್ಲೀ ಜಾನ್ಸನ್. ಆ ಹೆಸರು ನಿಮ್ಮ ಪುಟದಲ್ಲಿ ನಾನಂತೂ ಓದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಶ್ಲೀ ಅಮೆರಿಕದ ಮಯಾಮಿಯವಳು, ಹುಟ್ಟಿದ್ದು 1994ರಲ್ಲಿ. ತಾಯಿ ಜಮೈಕಾ ಮೂಲದ ನರ್ಸ್, ಐದು ಮಕ್ಕಳನ್ನು ಒಬ್ಬರೇ ಸಾಕಿದವರು. ಮನೆ ಹಿಂದೆ ಈಜುಕೊಳ ಇತ್ತು, ಮಕ್ಕಳು ಎಲ್ಲಿ ಬಿದ್ದುಬಿಡುತ್ತವೋ ಅನ್ನುವ ಹೆದರಿಕೆಗೆ ಎಲ್ಲರಿಗೂ ಈಜು ಕಲಿಸಿದರು. ಆ ಹುಡುಗಿ 2016ರಲ್ಲಿ ರಿಯೊಗೆ ಹೋದಳು, ಅಮೆರಿಕದ ಒಲಿಂಪಿಕ್ಸ್ ಮಹಿಳಾ ವಾಟರ್ ಪೋಲೊ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆಯಾಗಿ. ಫೈನಲ್‌ನಲ್ಲಿ ಇಟಲಿ ವಿರುದ್ಧ 12-5, ಚಿನ್ನ. ಟೋಕಿಯೊದಲ್ಲಿ ಲೀಗ್ ಹಂತದಲ್ಲೇ ಹಂಗೇರಿ ಎದುರು ಒಂದು ಗೋಲಿನಿಂದ ಸೋತರು, ಆಮೇಲೆ ಫೈನಲ್‌ನಲ್ಲಿ ಸ್ಪೇನ್ ಅನ್ನು 14-5ರಿಂದ ಸೋಲಿಸಿ ಮತ್ತೆ ಚಿನ್ನ ತಂದರು. 2024ರ ಪ್ಯಾರಿಸ್‌ನಲ್ಲಿ ಮಾತ್ರ ಕಂಚೂ ಸಿಗಲಿಲ್ಲ. ಕೊನೇ ಕ್ಷಣದಲ್ಲಿ ನೆದರ್‌ಲ್ಯಾಂಡ್ಸ್ ಗೋಲು ಹೊಡೆಯಿತು, 11-10. ಆ ಗೋಲನ್ನು ಮೊಬೈಲ್‌ನಲ್ಲಿ ನೋಡಿ ಮಗಳು ಅವತ್ತು ಊಟ ಬಿಟ್ಟಳು.

ಈ ಆಟದಲ್ಲಿ ಗೋಲ್ ಕಾಯುವವರ ಕೆಲಸ ಎಷ್ಟು ಕಷ್ಟ ಅಂತ ಹೇಳಲೇಬೇಕು. ಗೋಲ್ ಪೋಸ್ಟ್ 3 ಮೀಟರ್ ಅಗಲ, ನೀರಿನ ಮೇಲೆ 90 ಸೆಂಟಿಮೀಟರ್ ಎತ್ತರ. ತಳಕ್ಕೆ ಕಾಲು ಊರುವ ಹಾಗಿಲ್ಲ. 8 ನಿಮಿಷದ ನಾಲ್ಕು ಅವಧಿ, ಅಷ್ಟೂ ಹೊತ್ತು ನೀರಿನಲ್ಲಿ ಕಾಲಾಡಿಸುತ್ತಲೇ ಇರಬೇಕು. ಎರಡು ಕಾಲೂ ಒಂದಕ್ಕೊಂದು ವಿರುದ್ಧವಾಗಿ, ಮೊಸರು ಕಡೆಯುವ ಕಡಗೋಲಿನ ಹಾಗೆ ತಿರುಗುತ್ತಿರಬೇಕು, ಚೆಂಡು ಬಂದ ಕೂಡಲೇ ಸೊಂಟದವರೆಗೂ ಮೈ ಮೇಲೆದ್ದು ಎರಡೂ ಕೈ ಚಾಚಬೇಕು. ಎರಡೂ ಕೈಯಲ್ಲಿ ಚೆಂಡು ಹಿಡಿಯಲು ಅನುಮತಿ ಇರುವುದು ಗೋಲ್ ಕಾಯುವವರಿಗೆ ಮಾತ್ರ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಹಳೇ ಊರಿನ ಎಷ್ಟೋ ಮನೆಗಳು ಆಲಮಟ್ಟಿ ಹಿನ್ನೀರಿಗೆ ಹೋದವು, ನಮ್ಮ ಅತ್ತೆಯವರ ಮನೆಯೂ ಸೇರಿ. ಮಳೆಗಾಲ ಮುಗಿಯುವಷ್ಟರಲ್ಲಿ ನೀರು ಊರಂಚಿಗೆ ಬಂದು ನಿಂತಿರುತ್ತದೆ. ಇಷ್ಟು ನೀರು ಪಕ್ಕದಲ್ಲೇ ಇಟ್ಟುಕೊಂಡು ನಮ್ಮ ಎಷ್ಟೋ ಹುಡುಗಿಯರಿಗೆ ಈಜೇ ಬರುವುದಿಲ್ಲ. ಗಂಡುಹುಡುಗರು ಬಾವಿಗೆ ಹಾರುತ್ತಾರೆ, ಹೆಣ್ಣುಮಕ್ಕಳು ದಂಡೆ ಮೇಲೆ ಬಟ್ಟೆ ಕಾಯುತ್ತಾರೆ. ನಾನೂ ಹಾಗೆ ಕಾದವಳೇ. ಇವತ್ತಿಗೂ ನನಗೆ ಈಜು ಬರಲ್ಲ.

ಮಗಳನ್ನು ಕರೆದುಕೊಂಡು ಒಂದು ಈಜುಕೊಳಕ್ಕೆ ಹೋಗಿದ್ದೆ. ಹುಡುಗಿಯರ ಸಮಯ ಬೆಳಗ್ಗೆ 11ರಿಂದ 12 ಅಂದರು. ಆ ಹೊತ್ತಿಗೆ ಶಾಲೆ ಇರುತ್ತದೆ, ಅಲ್ವಾ? ವಾಟರ್ ಪೋಲೊ ಅಂದಾಗ, ಹುಡುಗಿಗೆ ಅದೆಲ್ಲ ಯಾಕೆ, ಅದರಿಂದ ನೌಕರಿ ಸಿಗುತ್ತದಾ ಅಂತ ಕೇಳಿದರು. ನನಗೆ ತುಂಬಾ ಬೇಜಾರಾಯಿತು. ದುಡ್ಡಿನ ಚಿಂತೆ ನನಗೂ ಗೊತ್ತು. ಚಿನ್ನ ಗೆದ್ದ ಅಮೆರಿಕದ ತಂಡದಲ್ಲೇ ಬಹಳಷ್ಟು ಆಟಗಾರ್ತಿಯರು ಎರಡನೇ, ಮೂರನೇ ಕೆಲಸ ಮಾಡುತ್ತಾರೆ ಅಂತ ನಾಯಕಿ ಮ್ಯಾಗಿ ಸ್ಟೆಫೆನ್ಸ್ ಹೇಳಿಕೊಂಡಿದ್ದರು. ಆದರೂ ಅವರು ಆಟ ಬಿಡಲಿಲ್ಲ. ಆಶ್ಲೀ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿಯನ್ನೂ ಮುಗಿಸಿದಳು.

ಈ ಆಟ ನಮ್ಮ ದೇಶಕ್ಕೆ ಹೊಸದೇನಲ್ಲ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಪುರುಷರ ತಂಡ ಇದರಲ್ಲೇ ಚಿನ್ನ ಗೆದ್ದಿತ್ತು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಅವಕಾಶ ಸಿಕ್ಕಿದ್ದು 2000ದಲ್ಲಿ, ಗಂಡಸರು ಆಡಲು ಶುರುಮಾಡಿ ನೂರು ವರ್ಷ ಆದಮೇಲೆ. ನಮ್ಮ ಜಿಲ್ಲೆಯಲ್ಲೂ ಅಷ್ಟೇ ಕಾಯಿಸಬೇಕಾ?

ನಾನು ಕೇಳುವುದು ಜಾಸ್ತಿ ಏನಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹುಡುಗಿಯರಿಗೆ ಬಿಡಲಿ. ಕಲಿಸಲು ಒಬ್ಬ ಮಹಿಳಾ ಕೋಚ್ ಇರಲಿ. ತೇಲುವ ಎರಡು ಗೋಲ್ ಪೋಸ್ಟ್ ತರಿಸಲಿ. ನೀವು ಒಬ್ಬ ವರದಿಗಾರರನ್ನು ಕಳಿಸಿ, ಜಿಲ್ಲೆಯ ಈಜುಕೊಳಗಳಲ್ಲಿ ಹುಡುಗಿಯರಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಕೇಳಿ ಬರೆಯಿರಿ.

ಸದ್ಯಕ್ಕೆ ಮಗಳು ಹುನಗುಂದ ಕಡೆಯ ನನ್ನ ತವರೂರಿನ ಬಾವಿಯಲ್ಲೇ ಕಲಿಯುತ್ತಿದ್ದಾಳೆ. ಸೊಂಟಕ್ಕೆ ಹಗ್ಗ, ಪಕ್ಕದಲ್ಲಿ ಸೋದರಮಾವ. ಎರಡೂ ಕೈ ಮೇಲೆತ್ತಿ, ಗದ್ದ ನೀರಿಗೆ ತಾಗಿಸಿಕೊಂಡು ನಿಲ್ಲುತ್ತಾಳೆ, ನಾನು ಮೆಟ್ಟಿಲ ಮೇಲೆ ಕೂತು ಎಣಿಸುತ್ತೇನೆ. ಮೊದಲ ವಾರ ಹನ್ನೆರಡಕ್ಕೇ ಮುಳುಗಿದ್ದಳು. ಮೊನ್ನೆ ಭಾನುವಾರ ನಲವತ್ತೊಂದಾಯಿತು.

– ಒಬ್ಬ ತಾಯಿ, ನವನಗರ, ಬಾಗಲಕೋಟೆ