ವ್ಯಾನ್ ಆ್ಯಪ್ ಶುಕ್ರವಾರದೊಳಗೆ ಹಾಕಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 6ಕ್ಕೆ ಕೊಪ್ಪಳದಿಂದ ಸಾಣಾಪುರಕ್ಕೆ ಹೊರಡುವ ಕ್ಯಾಂಪರ್ ವ್ಯಾನಿನ ಲೈಟು, ಫ್ಯಾನು, ನೀರಿನ ಪಂಪು, ಪಕ್ಕದ ನೆರಳಿನ ಪರದೆ ಎಲ್ಲಾ ಈಗ ಫೋನಿನಿಂದಲೇ ನಡೆಯುತ್ತವೆ.

ಬರುವವರೆಲ್ಲ ಶುಕ್ರವಾರ ರಾತ್ರಿಯೊಳಗೆ ಮನೆಯಲ್ಲೇ ಆ್ಯಪ್ ಹಾಕಿಕೊಳ್ಳಿ, ಕೆರೆ ಹತ್ತಿರ ಬಂಡೆಗಳ ನಡುವೆ ನೆಟ್‌ವರ್ಕ್ ನಂಬೋಕಾಗಲ್ಲ. ಆಮೇಲೆ ಅದು ಬ್ಲೂಟೂತ್‌ನಲ್ಲೇ ಓಡುತ್ತೆ, ಇಂಟರ್ನೆಟ್ ಬೇಕಿಲ್ಲ, ಆದರೆ ವ್ಯಾನಿನಿಂದ ಸುಮಾರು 10 ಮೀಟರ್ ಒಳಗೆ ಇರಬೇಕು. ಹಳೆಯ ಆಂಡ್ರಾಯ್ಡ್ ಫೋನ್ ಇದ್ದವರು ಲೊಕೇಶನ್ ಕೂಡ ಆನ್ ಮಾಡಿ, ಇಲ್ಲದಿದ್ದರೆ ಲಿಸ್ಟಿನಲ್ಲಿ ವ್ಯಾನ್ ಕಾಣೋದೇ ಇಲ್ಲ. ಒಂದು ಸಲಕ್ಕೆ ಒಂದೇ ಫೋನ್ ಸೇರುತ್ತೆ, ಹಾಗಾಗಿ ಕೆಲಸ ಮುಗಿದ ತಕ್ಷಣ ಡಿಸ್ಕನೆಕ್ಟ್ ಮಾಡಿ.

ಪರದೆ ಮಡಚುವಾಗ ಮಾತ್ರ ದಯವಿಟ್ಟು ಎದ್ದು ಬಂದು, ಕಣ್ಣಾರೆ ನೋಡಿ ಬಟನ್ ಒತ್ತಿ. ಮಕ್ಕಳು ಅದರ ಕಂಬ ಹಿಡಿದು ಆಡ್ತಿರ್ತಾರೆ, ಅದು ಫೋನಿಗೆ ಗೊತ್ತಾಗಲ್ಲ ಅಲ್ವಾ. ನಮ್ಮದು ಲೆಡ್-ಆಸಿಡ್ ಬ್ಯಾಟರಿ. ಆ್ಯಪಿನಲ್ಲಿ 12.2 ವೋಲ್ಟ್ ಹತ್ತಿರ ತೋರಿಸಿದರೆ ಹೆಚ್ಚುಕಮ್ಮಿ ಅರ್ಧ ಖಾಲಿ, ಈ ಬಿಸಿಲಲ್ಲಿ ಫ್ಯಾನ್ ಒಂದು ಇರಲಿ, ಉಳಿದದ್ದು ಆರಿಸಿ.

ಪಾಸ್‌ವರ್ಡ್ ಗುಂಪಿನಲ್ಲಿ ಹಾಕಲ್ಲ, ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಆ್ಯಪ್ ಹಾಕಿಕೊಂಡವರು ಇಲ್ಲಿ ‘ಆಯ್ತು’ ಅಂತ ತಿಳಿಸಿ, ತೊಂದರೆ ಆದವರು ಫೋನಿನ ಮಾಡೆಲ್ ಬರೆಯಿರಿ.