ಎಲ್‌ಸಿ3ಬಿ ಆಂಟಿಬಾಡಿ ಬದಲಾಗುತ್ತಿದೆ: ಹಳೆಯ ಬ್ಲಾಟ್, ಹೊಸ ಬ್ಲಾಟ್ ಬೆರೆಸಬೇಡಿ

ಪ್ರಿಯ ಗ್ರಾಹಕರೇ,

ಆಟೋಫೇಜಿ (ಜೀವಕೋಶ ತನ್ನದೇ ಭಾಗಗಳನ್ನು ಲೈಸೋಸೋಮ್ ಎಂಬ ಚೀಲದಲ್ಲಿ ಕರಗಿಸುವುದು) ಕೆಲಸಕ್ಕೆ ನೀವು ನಮ್ಮಿಂದ ಕೊಳ್ಳುವ, ಅದರ ಗುರುತಾದ ಎಲ್‌ಸಿ3ಬಿ ಪ್ರೋಟೀನ್‌ಗೆ ಅಂಟುವ ಆಂಟಿಬಾಡಿ ಮುಂದಿನ ಆರ್ಡರ್‌ನಿಂದ ಬದಲಾಗುತ್ತದೆ. ಇಷ್ಟು ದಿನ ಕೊಡುತ್ತಿದ್ದದ್ದು ಮೊಲದ ಸೀರಮ್‌ನಿಂದ ತೆಗೆದ ಪಾಲಿಕ್ಲೋನಲ್, ಅಂದರೆ ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ. ಇನ್ನು ಬರುವುದು ರೀಕಾಂಬಿನೆಂಟ್ ಮೋನೋಕ್ಲೋನಲ್, ಅಂದರೆ ಒಂದೇ ಬಗೆಯ ಆಂಟಿಬಾಡಿ. ಇದೂ ಮೊಲದ ಆಂಟಿಬಾಡಿಯೇ, ಆದರೆ ಅದರ ಜೀನ್ ಸೇರಿಸಿದ ಜೀವಕೋಶಗಳಿಂದ ತಯಾರಾದದ್ದು.

ಕಾರಣ ನಿಮಗೂ ಗೊತ್ತಿರುತ್ತೆ. ಒಂದು ಮೊಲದ ಸೀರಮ್ ಮುಗಿದರೆ ಇನ್ನೊಂದು ಮೊಲ. ಅದೇ ಪೆಪ್ಟೈಡ್ ಚುಚ್ಚಿದರೂ ಅದೇ ಆಂಟಿಬಾಡಿಗಳು ಸಿಗುವುದಿಲ್ಲ. ಲಾಟ್ (ತಯಾರಿಕೆಯ ಕಂತು) ಬದಲಾದಾಗಲೆಲ್ಲ ಡೈಲ್ಯೂಷನ್ (ಎಷ್ಟು ತೆಳುಮಾಡಬೇಕೆಂಬುದು) ಮತ್ತೆ ಹೊಂದಿಸುವ ಗೋಳು. ಹೊಸದರಲ್ಲಿ ಸೀಕ್ವೆನ್ಸ್ ಗೊತ್ತಿದೆ, ಮೊಲದ ಮೇಲೆ ಅವಲಂಬನೆ ಇಲ್ಲ.

ಈಗ ಮುಖ್ಯ ವಿಷಯ. ಬ್ಲಾಟ್ (ಜೆಲ್‌ನಲ್ಲಿ ಬೇರ್ಪಡಿಸಿದ ಪ್ರೋಟೀನ್‌ಗಳನ್ನು ಮೆಂಬ್ರೇನ್‌ಗೆ ಇಳಿಸಿ, ಆಂಟಿಬಾಡಿಯಿಂದ ಪಟ್ಟಿಗಳಾಗಿ ಕಾಣುವಂತೆ ಮಾಡಿದ್ದು) ಬೇರೆ ಥರ ಕಾಣುತ್ತದೆ. 16 ಕಿಲೋಡಾಲ್ಟನ್ ಹತ್ತಿರದ ಎಲ್‌ಸಿ3-ಒನ್ ಪಟ್ಟಿ ಮಂಕು, ಕೆಳಗೆ 14ರ ಹತ್ತಿರದ ಎಲ್‌ಸಿ3-ಟೂ ಗಾಢ. (ಎಲ್‌ಸಿ3-ಒನ್‌ಗೆ ಲಿಪಿಡ್ ಅಂಟಿದರೆ ಅದೇ ಎಲ್‌ಸಿ3-ಟೂ. ತೂಕ ಜಾಸ್ತಿಯಾದ ಇದೇ ಕೆಳಗೆ ಓಡುತ್ತದೆ. ಹೊಸ ವಿದ್ಯಾರ್ಥಿಗಳು ಇಲ್ಲಿ ಒಮ್ಮೆ ತಬ್ಬಿಬ್ಬಾಗುವುದು ಮಾಮೂಲು.) ಜೀವಕೋಶದೊಳಗೆ ಏನೂ ಬದಲಾಗಿಲ್ಲ. ಈ ಎರಡು ರೂಪಗಳಿಗೆ ಎಲ್ಲ ಆಂಟಿಬಾಡಿಯೂ ಒಂದೇ ಸಮ ಅಂಟುವುದಿಲ್ಲ, ಅಷ್ಟೇ. ಹಾಗಾಗಿ ಎರಡರ ಅನುಪಾತ ಲೆಕ್ಕ ಹಾಕುವವರು ಹಳೆಯ, ಹೊಸ ಬ್ಲಾಟ್‌ಗಳನ್ನು ಒಂದೇ ಗ್ರಾಫ್‌ಗೆ ಹಾಕಬೇಡಿ. ನಮ್ಮನ್ನು ಕೇಳಿದರೆ ಅನುಪಾತವೇ ಬೇಡ, ಎಲ್‌ಸಿ3-ಟೂವನ್ನು ಟ್ಯೂಬುಲಿನ್ (ಎಷ್ಟು ಪ್ರೋಟೀನ್ ಹಾಕಿದೆ ಎಂದು ತೋರಿಸುವ ಅಳತೆಗೋಲು) ಜತೆ ಹೋಲಿಸಿ. ಲೈಸೋಸೋಮ್‌ನ ಕೆಲಸ ತಡೆಯುವ ಬ್ಯಾಫಿಲೋಮೈಸಿನ್ ಹಾಕಿದ್ದು, ಹಾಕದ್ದು ಎರಡೂ ಒಂದೇ ಜೆಲ್‌ನಲ್ಲಿರಲಿ. ಇಲ್ಲದಿದ್ದರೆ ಪಟ್ಟಿ ಗಾಢವಾದದ್ದು ಆಟೋಫೇಜಿ ಹೆಚ್ಚಿದ್ದಕ್ಕೋ, ಲೈಸೋಸೋಮ್‌ನಲ್ಲಿ ಕರಗದೆ ಉಳಿದದ್ದಕ್ಕೋ, ಹೇಳುವುದು ಹೇಗೆ?

ಎಲ್‌ಸಿ3ಬಿ ಜೀನ್ ತೆಗೆದ ಹೀಲಾ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ) ಜೀವಕೋಶಗಳಲ್ಲಿ ಎರಡೂ ಪಟ್ಟಿ ಮಾಯವಾಗುತ್ತವೆ, ಅಂದರೆ ಹೊಸ ಆಂಟಿಬಾಡಿ ಹಿಡಿಯುವುದು ಎಲ್‌ಸಿ3ಬಿಯನ್ನೇ. ಆ ಬ್ಲಾಟ್‌ನ ಚಿತ್ರ ವಯಲ್ ಜತೆಗೇ ಬರುತ್ತದೆ.

1:1000ದಿಂದ ಶುರು ಮಾಡಿ. ಮೆಂಬ್ರೇನ್ 0.2 ಮೈಕ್ರಾನ್ ರಂಧ್ರದ ಪಿವಿಡಿಎಫ್ (ಒಂದು ಬಗೆಯ ಪ್ಲಾಸ್ಟಿಕ್) ಇರಲಿ; 0.45 ಆದರೆ ಇಷ್ಟು ಸಣ್ಣ ಪ್ರೋಟೀನ್ ತೂರಿಕೊಂಡು ಹೋಗಬಹುದು. ಲೈಸೇಟನ್ನು (ಜೀವಕೋಶ ಒಡೆದು ತೆಗೆದ ದ್ರವ) ಪದೇ ಪದೇ ಫ್ರೀಜ್ ಮಾಡಿ ಕರಗಿಸಿದರೆ ಎಲ್‌ಸಿ3-ಒನ್ ಹಾಳಾಗುತ್ತದೆ, ಅದಕ್ಕೆ ಆಂಟಿಬಾಡಿಯನ್ನು ಬೈಯಬೇಡಿ! ವಯಲ್‌ನಲ್ಲಿ 50% ಗ್ಲಿಸರಾಲ್ ಇದೆ. ಮೈನಸ್ 20 ಡಿಗ್ರಿಯಲ್ಲೂ ಗಟ್ಟಿಯಾಗುವುದಿಲ್ಲ, ಸುಮ್ನೆ ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡುವ ಕೆಲಸ ಬೇಡ.

ಇಮ್ಯುನೋಫ್ಲೋರೆಸೆನ್ಸ್‌ಗೆ (ಹೊಳೆಯುವ ಬಣ್ಣದಿಂದ ಪ್ರೋಟೀನನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಹೊಸದರ ಪರೀಕ್ಷೆ ಮುಗಿದಿಲ್ಲ. ಆ ಕೆಲಸದವರು ಸದ್ಯ ಹಳೆಯದನ್ನೇ ಬಳಸಿ. ಥೀಸಿಸ್ ಅಥವಾ ಪೇಪರ್‌ನ ನಡುವೆ ಇರುವವರು ಲಾಟ್ ನಂಬರ್ ಬರೆದು ಕಳಿಸಿ, ಸ್ಟಾಕ್ ಇರುವವರೆಗೆ ಅದೇ ಲಾಟ್ ಎತ್ತಿಡುತ್ತೇವೆ. ಹೋಲಿಸಿ ನೋಡಲು ಹೊಸದರ ಸಣ್ಣ ವಯಲ್ ಉಚಿತ. ಬೆಲೆ ಹಿಂದಿನಷ್ಟೇ.

ಇಂತಿ,
ಆಂಟಿಬಾಡಿ ವಿಭಾಗ